ಪೊಟ್ಟಣದ ಬೆನ್ನು

1993ರಲ್ಲಿ ಮೈಸೂರಿನ ಎಂ.ಬಿ.ಬಿ.ಎಸ್. ಪದವಿ ಹಿಡಿದು ರೆಸಿಡೆನ್ಸಿಗೆಂದು ಡೆಟ್ರಾಯಿಟ್‌ನಲ್ಲಿ ಬಂದಿಳಿದಾಗ ನಮ್ಮಿಬ್ಬರ ಬಟ್ಟೆಗೆಲ್ಲ ಹುಳಿಪುಡಿಯ ಪರಿಮಳ! ಅಮ್ಮ ಹಾರ್ಲಿಕ್ಸ್ ಬಾಟಲಿಗೆ ಪುಡಿ ತುಂಬಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಹಳೆಯ ಪ್ರಜಾವಾಣಿ ಸುತ್ತಿ ದಾರ ಬಿಗಿದಿದ್ದರೂ ಪರಿಮಳ ಮಾತ್ರ ವೀಸಾ ಕೇಳದೆ ಹೊರಗೆ ಬಂದಿತ್ತು. ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ ಅಮ್ಮನ ಕೈಬರಹ: "ಹುಳಿಪುಡಿ. ಉಪ್ಪು ಹಾಕಿಲ್ಲ. ಖಾರ ಜಾಸ್ತಿ, ನೋಡಿಕೊಂಡು ಹಾಕಿ." ಓದಿ ನಕ್ಕಿದ್ದೆವು.

ನಮ್ಮ ಕೂಟದ ರಾಜ್ಯೋತ್ಸವದಲ್ಲಿ ಪುಡಿಗಳ ಮಳಿಗೆ ಇರುವುದು ನಿಮಗೆಲ್ಲ ಗೊತ್ತೇ ಇದೆ. ಸಾರು, ಹುಳಿ, ಬಿಸಿಬೇಳೆ ಭಾತ್, ವಾಂಗಿಭಾತ್, ಪುಳಿಯೋಗರೆ, ಚಟ್ನಿಪುಡಿ ಎಂದು ಆರು ಬಗೆ. ಬಂದ ಹಣ ಕನ್ನಡ ಶಾಲೆಗೆ. ಇಷ್ಟು ವರ್ಷ ಜಿಪ್‌ಲಾಕ್ ಚೀಲ, ಮೇಲೊಂದು ಮೈಸೂರು ಅರಮನೆಯ ಚಿತ್ರ, ಕೆಳಗೆ ಪುಡಿಯ ಹೆಸರು, ಅಷ್ಟೇ. ಈ ಸಲ ಪೊಟ್ಟಣಕ್ಕೆ ಹೊಸ ರೂಪ ಕೊಡುವ ಕೆಲಸವನ್ನು ನಾವೇ ಕೇಳಿ ಹೊತ್ತುಕೊಂಡೆವು. ಏಕೆಂದು ಹೇಳಿಬಿಡುವುದೇ ಒಳ್ಳೆಯದು.

ಮಗ ಎರಡು ವರ್ಷದ ಹಿಂದೆ ಕೈಹಿಡಿದ ಹುಡುಗಿ ಇಲ್ಲಿಯವಳು; ಅವಳಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲೂಟನ್ ಒಳಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ನೂರರಲ್ಲಿ ಸುಮಾರು ಒಬ್ಬರಿಗೆ ಇರುವ ಕಾಯಿಲೆ. ಪಥ್ಯವೇ ಅದಕ್ಕೆ ಮದ್ದು. ಸೊಸೆ ಮೊದಲ ಸಲ ಊಟಕ್ಕೆ ಬಂದಾಗ, "ನಮ್ಮದು ಅನ್ನ ಸಾರಿನ ಊಟ, ಗೋಧಿಯ ಸೋಂಕೇ ಇಲ್ಲ" ಎಂದು ಬೀಗಿದೆವು. ಆಕೆ ಸಾರನ್ನು ಎರಡು ಸಲ ಬಡಿಸಿಕೊಂಡಳು. ರಾತ್ರಿಯೆಲ್ಲ ಹೊಟ್ಟೆನೋವು, ವಾಂತಿ, ಭೇದಿ.

ಬೆಳಿಗ್ಗೆ ಕನ್ನಡಕ ಏರಿಸಿಕೊಂಡು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಜಾಲಾಡಿದೆವು. ಸಿಕ್ಕಿಬಿದ್ದದ್ದು ಇಂಗು! ಇಂಗೆಂದರೆ ಗಿಡದ ಬೇರಿನಿಂದ ಒಸರುವ ಅಂಟು. ಅದರ ಘಾಟು ತಗ್ಗಿಸಲು ಗೋಂದು, ಹಿಟ್ಟು ಬೆರೆಸಿ ಮಾರುತ್ತಾರೆ. ಎಷ್ಟೋ ಡಬ್ಬಿಗಳಲ್ಲಿ ಆ ಹಿಟ್ಟು ಗೋಧಿಯದು. ಇಂಗಿನ ಡಬ್ಬಿಯ ಮೇಲೆ ಅದನ್ನು ಬರೆದೇ ಇದ್ದರು. ಬರೆಯದಿದ್ದದ್ದು ಕೂಟದ ಸಾರಿನ ಪುಡಿಯ ಚೀಲದ ಮೇಲೆ. ಆ ಪುಡಿಗೆ ಇಂಗು ಹಾಕಿದವರೂ ನಾವೇ, ಮಿಕ್ಸಿಯಲ್ಲಿ ಪುಡಿಮಾಡಿದವರೂ ನಾವೇ. ದಿನಬೆಳಗಾದರೆ ರೋಗಿಗಳಿಗೆ "ಲೇಬಲ್ ಓದಿ" ಎಂದು ಉಪದೇಶಿಸುವ ವೈದ್ಯರ ಮನೆಯ ಕಥೆ ಇದು!

ಹೊಸ ಪೊಟ್ಟಣದ ಸಭೆ ನಮ್ಮ ಬೇಸ್‌ಮೆಂಟಿನಲ್ಲೇ ಸೇರಿತು. ಚಿತ್ರ ಬರೆಯಬಲ್ಲ ಹುಡುಗಿಯೊಬ್ಬಳು ಆರು ಪುಡಿಗೆ ಆರು ಬಣ್ಣ ಹಾಕಿ ತಂದಳು. ಸಾರಿಗೂ ಹುಳಿಗೂ ವ್ಯತ್ಯಾಸ ತಿಳಿಯದ ನಮ್ಮ ಮಕ್ಕಳಿಗೆ ಬಣ್ಣವೇ ಗುರುತು. ಪುಡಿಯ ಕೆಂಪು ಕಾಣುವಂತೆ ಪಾರದರ್ಶಕ ಕಿಟಕಿ ಇರಲಿ ಎಂದರು ಕೆಲವರು. ಆದರೆ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಬೆಳಕಿಗೆ ಮಾಸುತ್ತದೆ, ಗಾಳಿಯಾಡಿದರೆ ಪರಿಮಳ ಹಾರಿಹೋಗುತ್ತದೆ. ಕಿಟಕಿ ಬಿಟ್ಟು, ಒಳಗೆ ಅಲ್ಯುಮಿನಿಯಂ ಪದರವಿರುವ ಚೀಲ ಆರಿಸಿದೆವು. ಅರಮನೆ ಹಾಗೇ ಉಳಿಯಿತು.

ಜಗಳವಾದದ್ದು ಪೊಟ್ಟಣದ ಬೆನ್ನಿಗಾಗಿ. ಪದಾರ್ಥಗಳ ಪೂರ್ತಿ ಪಟ್ಟಿ, ಕೆಳಗೆ ದಪ್ಪಕ್ಷರದಲ್ಲಿ ಅಲರ್ಜಿ ತರುವಂಥವು ಬೇಕೆಂದೆವು. ಇಲ್ಲಿಯ 2004ರ ಕಾನೂನಿನಂತೆ 2006ರ ಜನವರಿಯಿಂದ ಹಾಲು, ಗೋಧಿ, ಸೋಯಾ, ಕಡಲೆಕಾಯಿ ಮೊದಲಾದ ಎಂಟನ್ನು ಹೆಸರಿಸಬೇಕು; 2023ರ ಜನವರಿಯಿಂದ ಎಳ್ಳು ಒಂಬತ್ತನೆಯದು. ನಮ್ಮ ಪುಳಿಯೋಗರೆ ಪುಡಿಯಲ್ಲಿ ಎಳ್ಳೂ ಉಂಟು, ಕಡಲೆಕಾಯಿಯೂ ಉಂಟು!

"ಏನ್ರೀ ಡಾಕ್ಟ್ರೇ, ಇದು ಪುಡಿ ಪೊಟ್ಟಣವೋ, ಔಷಧಿ ಬಾಟಲಿಯೋ?" ಎಂದು ಹಿರಿಯರೊಬ್ಬರು ಗದರಿದರು. "ನಮ್ಮತ್ತೆಯವರ ಗುಟ್ಟನ್ನೆಲ್ಲ ಊರಿಗೆ ಸಾರಬೇಕೇನು?" ಎಂದರು ಇನ್ನೊಬ್ಬರು. ಆಗ, ಅದುವರೆಗೆ ಯಾರಿಗೂ ಹೇಳದಿದ್ದ ಸೊಸೆಯ ಕಥೆಯನ್ನು ಹೇಳಿದೆವು. ಸಭೆ ಸುಮ್ಮನಾಯಿತು. ಕೊನೆಗೆ ಅತ್ತೆಯ ಗುಟ್ಟಿನವರೇ, "ಅಳತೆ ಮಾತ್ರ ಹೇಳೋಲ್ಲ. ಮೆಂತ್ಯ, ಚಕ್ಕೆ, ಇಂಗು, ಎಲ್ಲಾ ಬರ್ಕೊಳ್ಳಿ" ಎಂದರು.

ಈಗ ಅಕ್ಕಿಹಿಟ್ಟು ಬೆರೆಸಿದ ಇಂಗನ್ನು ತರಿಸುತ್ತೇವೆ. ಆದರೂ "ಗ್ಲೂಟನ್ ಇಲ್ಲ" ಎಂದು ಬರೆದಿಲ್ಲ. ಹಾಗೆ ಬರೆಯಬೇಕಾದರೆ ಗ್ಲೂಟನ್ ಹತ್ತು ಲಕ್ಷದಲ್ಲಿ 20 ಭಾಗಕ್ಕಿಂತ ಕಡಿಮೆ ಇರಬೇಕು. ಚಪಾತಿ ಹಿಟ್ಟು ಹಾರಾಡುವ ನಮ್ಮ ಅಡುಗೆಮನೆಗಳಿಂದ ಆ ಮಾತು ಕೊಡಲಾರೆವು. "ಗೋಧಿ ಬಳಸುವ ಅಡುಗೆಮನೆಯಲ್ಲಿ ತಯಾರಿಸಿದ್ದು" ಎಂದು ಎರಡೂ ಭಾಷೆಯಲ್ಲಿ ಬರೆದೆವು.

ರಾಜ್ಯೋತ್ಸವದ ದಿನ ಸೊಸೆ ಮಳಿಗೆಗೆ ಬಂದಳು. ಸಾರಿನ ಪುಡಿಯ ಪೊಟ್ಟಣ ಎತ್ತಿಕೊಂಡು ಅರಮನೆಯನ್ನು ಮೆಚ್ಚಿದಳು, ಹಿಂದಕ್ಕೆ ತಿರುಗಿಸಿ ಪೂರ್ತಿ ಓದಿದಳು, ಮತ್ತೆ ಇದ್ದಲ್ಲೇ ಇಟ್ಟಳು. ಕೊಳ್ಳಲಿಲ್ಲ. ನಮ್ಮತ್ತ ನೋಡಿ ನಕ್ಕಳು. ಆ ದಿನ ಮಾರಿದ ಪೊಟ್ಟಣಗಳೆಲ್ಲಕ್ಕಿಂತ ಮಾರದೆ ಉಳಿದ ಆ ಒಂದು ಪೊಟ್ಟಣ ನಮಗೆ ಸಮಾಧಾನ ತಂದಿತು.

ಅವಳಿಗೆಂದೇ ಹೊಸ ಮಿಕ್ಸಿ ಜಾರಿನಲ್ಲಿ, ಇಂಗಿಲ್ಲದೆ, ಬೇರೆ ಪುಡಿ ಮಾಡಿಟ್ಟಿದ್ದೇವೆ. ಬಾಟಲಿಗೊಂದು ಚೀಟಿಯನ್ನೂ ಅಂಟಿಸಿದ್ದೇವೆ: "ಸಾರಿನ ಪುಡಿ. ಇಂಗು ಹಾಕಿಲ್ಲ. ಖಾರ ಜಾಸ್ತಿ, ನೋಡಿಕೊಂಡು ಹಾಕಿಕೋ."