ತವರಿಗೆ ಸೇತುವೆ ಬಂತು, ಸಿಗ್ನಲ್ ಬರಲಿಲ್ಲ

ನೀವು ತವರಿಗೆ ಫೋನ್ ಮಾಡಿದರೆ ಏನು ಕೇಳಿಸುತ್ತದೆ? ಅಮ್ಮನ "ಹಲೋ" ತಾನೆ? ಪುಣ್ಯವಂತರು ನೀವು! ನನಗೆ ಕೇಳಿಸುವುದು ಬೇರೆಯೇ ಒಂದು ದನಿ. "ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ." ಎಷ್ಟು ನಯವಾಗಿ ಹೇಳುತ್ತಾಳೆ ಆ ಹೆಣ್ಣುಮಗಳು! ನನ್ನ ಅಮ್ಮನ ದನಿಗಿಂತ ಅವಳ ದನಿಯನ್ನೇ ನಾನು ಹೆಚ್ಚು ಕೇಳಿದ್ದೇನೆ.

ನನ್ನ ತವರು ಸಾಗರ ತಾಲ್ಲೂಕಿನ ಕರೂರು ಹೋಬಳಿಯ ಒಂದು ಪುಟ್ಟ ಊರು. ಅಡಿಕೆ ತೋಟ, ಸುತ್ತ ಗುಡ್ಡ, ಹತ್ತಾರು ಮನೆ, ಅಷ್ಟೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿಯ ಹಿನ್ನೀರು ನಮ್ಮ ಸೀಮೆಯನ್ನು ಸಾಗರ ಪೇಟೆಯಿಂದ ಬೇರೆ ಮಾಡಿಬಿಟ್ಟಿತು. ನಾಡಿಗೆಲ್ಲ ದೀಪ ಹಚ್ಚಿದ ನೀರು, ನಮಗೆ ಮಾತ್ರ ದಾರಿ ಮುಚ್ಚಿತು. ಅಂಬಾರಗೋಡ್ಲು ದಂಡೆಯಲ್ಲಿ ಲಾಂಚಿಗೆ ಕಾದು, ಬಸ್ಸು ಜೀಪುಗಳ ಜೊತೆ ನಿಂತು ಕಳಸವಳ್ಳಿಗೆ ದಾಟಬೇಕಿತ್ತು. ಬಾಣಂತನಕ್ಕೆ ಹೋಗಿದ್ದೂ ಹಾಗೆಯೇ, ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿರುಗಿದ್ದೂ ಹಾಗೆಯೇ.

2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ! ಆ ವರ್ಷದ ಭೂಮಿ ಹುಣ್ಣಿಮೆಗೆ ಹೋಗಲೇಬೇಕೆಂದು ಹಟ ಹಿಡಿದೆ. ನಮ್ಮವರಿಗೆ ರಜೆ ಸಿಗಲಿಲ್ಲ. "ಒಬ್ಬಳೇ ಹೋಗ್ತೀಯಾ?" ಎಂದರು. "ಫೋನ್ ಇದೆಯಲ್ಲ ರೀ" ಎಂದು ಜಂಬದಿಂದ ಹೇಳಿ ಅರಸೀಕೆರೆಯಲ್ಲಿ ತಾಳಗುಪ್ಪದ ರೈಲು ಹತ್ತಿದೆ.

ಸಾಗರದಲ್ಲಿ ಇಳಿದು ಬಸ್ಸು ಹಿಡಿದೆ. ಸೇತುವೆ ಬಂದಾಗ ಕಿಟಕಿಗೆ ಆತುಕೊಂಡು ಕುಳಿತೆ. ಎರಡೂ ಕಡೆ ನೀರೋ ನೀರು, ನಡುವೆ ಹಸಿರು ನಡುಗಡ್ಡೆಗಳು. ನಾಲ್ಕು ನಿಮಿಷದಲ್ಲಿ ಆಚೆ ದಡ! ಕಣ್ಣು ತುಂಬಿ ಬಂತು. ನಮ್ಮವರಿಗೆ ಫೋನ್ ಮಾಡಿ ಹೇಳಿಯೂ ಹೇಳಿದೆ. ಅದೇ ಕೊನೆ. ತುಮರಿ ದಾಟಿ ಒಳರಸ್ತೆಗೆ ಇಳಿಯುತ್ತಿದ್ದಂತೆ ಫೋನಿನ ಕಡ್ಡಿಗಳು ಒಂದೊಂದಾಗಿ ಬಿದ್ದು ಹೋದವು.

ಮನೆ ಮುಟ್ಟಿದಾಗ ಅತ್ತಿಗೆ ಅಂಗಳದಲ್ಲಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದರು. ಅಮ್ಮ ಎಲ್ಲಿ ಎಂದೆ.

"ಗುಡ್ಡಕ್ಕೆ ಹೋಗಿದಾರೆ ಮಾರಾಯ್ತಿ, ನಿಂಗೆ ಫೋನ್ ಮಾಡಕ್ಕೆ!"

ಚೀಲ ಅಲ್ಲೇ ಇಟ್ಟು ಗುಡ್ಡ ಹತ್ತಿದೆ. ಕಾಲು ಗಂಟೆ ಏರು. ತುದಿಯಲ್ಲೊಂದು ಮತ್ತಿ ಮರ, ಅದಕ್ಕೊಂದು ಮೊಳೆ, ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಕವರಿನಲ್ಲಿ ಫೋನು. ಕೆಳಗೆ ಕಲ್ಲಿನ ಮೇಲೆ ಎಪ್ಪತ್ತೆರಡು ವರ್ಷದ ನನ್ನ ಅಮ್ಮ, ಮೊಣಕಾಲು ತಿಕ್ಕಿಕೊಳ್ಳುತ್ತಾ!

"ಬಂದ್ಯೇನೇ? ನಿಂಗೇ ಹಚ್ತಾ ಇದ್ದೆ. ನೀನೇ ವ್ಯಾಪ್ತಿಯಿಂದ ಹೊರಗೆ ಇದೀಯ ಅಂತು" ಎಂದು ನಕ್ಕರು.

ನನಗೆ ನಗು ಬರಲಿಲ್ಲ. "ನೀನಾಗಿ ಒಂದು ದಿನಾನಾದ್ರೂ ಫೋನ್ ಮಾಡಲ್ಲ, ಮಗಳು ಬೇಡವಾದಳಾ" ಎಂದು ಎಷ್ಟು ವರ್ಷ ಮುನಿಸಿಕೊಂಡಿದ್ದೆ! ಆ "ಒಂದು ಫೋನಿ"ಗೆ ಮಳೆಗಾಲದಲ್ಲಿ ಉಂಬಳ ಕಚ್ಚಿಸಿಕೊಂಡು ಗುಡ್ಡ ಹತ್ತಬೇಕೆಂದು ಅಮ್ಮ ಒಂದು ಸಲವೂ ಹೇಳಿರಲಿಲ್ಲ.

ರಾತ್ರಿ ಕೊಟ್ಟೆ ಕಡುಬಿಗೆ ಎಲೆ ಹೊಲಿಯುತ್ತಾ ಅತ್ತಿಗೆ ಇನ್ನೊಂದು ವಿಷಯ ಬಿಚ್ಚಿದರು. 2024ರ ಮಳೆಗಾಲದಲ್ಲಿ ಅಣ್ಣ ತೋಟದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. ನಮಗೆ ಹೇಳಿದ್ದು ಪಟ್ಟಿ ಹಾಕಿದ ಮೇಲೆ. ಆ ಸಂಜೆ ಅತ್ತಿಗೆ ಟಾರ್ಚ್ ಹಿಡಿದು ಮಳೆಯಲ್ಲೇ ಗುಡ್ಡ ಹತ್ತಿದ್ದಾರೆ. ಎರಡು ಕಡ್ಡಿ ಸಿಗ್ನಲ್ ಸಿಕ್ಕಿದೆ. ಫೋನ್ ಹಚ್ಚಿದರೆ, "ನಿಮ್ಮ ಪ್ಯಾಕಿನ ಅವಧಿ ಮುಗಿದಿದೆ"! ಮುಗಿದು ಎರಡು ದಿನವಾಗಿತ್ತು. ಇಳಿದು ಬಂದು, ತೋಟದಾಚೆಯ ಮನೆಗೆ ಓಡಿ, ಆ ಹುಡುಗ ಬೈಕಿನಲ್ಲಿ ಹೋಗಿ ಜೀಪು ತರುವಷ್ಟರಲ್ಲಿ ಎರಡು ಗಂಟೆ.

"ಕಾಲಾಗಿದ್ದಕ್ಕೆ ಆಯ್ತು, ಎದೆ ಆಗಿದ್ರೆ?" ಎಂದರು ಅತ್ತಿಗೆ. ಒಲೆಯ ಮುಂದೆ ಯಾರೂ ಮಾತಾಡಲಿಲ್ಲ.

ಸಿಗ್ನಲ್ ಯಾಕೆ ಸಿಗುವುದಿಲ್ಲ? ಅಣ್ಣ ವಿವರಿಸಿದ. ಟವರಿನ ಅಲೆ ಹೆಚ್ಚುಕಡಿಮೆ ನೇರಕ್ಕೆ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಅದರ ಹಿಂದಿನ ಮನೆಗೆ ಮುಟ್ಟುವುದಿಲ್ಲ. ಮಳೆಯಲ್ಲಿ ತೊಯ್ದ ಕಾಡಿನ ಎಲೆಗಳೂ ಅಲೆಯನ್ನು ಕುಡಿಯುತ್ತವೆ. ಕರೆಂಟು ಹೋಗಿ ಬ್ಯಾಟರಿ ಇಳಿದರೆ ಟವರೂ ಮಲಗುತ್ತದೆ. ಹತ್ತು ಮನೆಗಾಗಿ ಟವರ್ ಹಾಕಿದರೆ ಕಂಪನಿಗೆ ಅಸಲೂ ಹುಟ್ಟದು. ಕೊರೊನಾ ಕಾಲ ನೆನಪಿದೆಯೇ? 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ರಸ್ತೆ ಬದಿ ಕುಳಿತು ಪಾಠ ಕೇಳುವ ಮಗಳಿಗೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರ ನೀವೂ ನೋಡಿರಬೇಕು. ಆಗ ಮಲೆನಾಡಿನ ಹಳ್ಳಿಗಳಲ್ಲಿ "ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ" ಎಂಬ ಬೋರ್ಡುಗಳು ಎದ್ದಿದ್ದವು.

ಟವರ್ ತರಿಸುವುದು ನನ್ನ ಕೈಯಲ್ಲಿಲ್ಲ. ಆದರೆ ಲೆಕ್ಕ ನೋಡುವುದು ಗೃಹಿಣಿಯ ಕೈಯಲ್ಲಿದೆಯಲ್ಲ! ಅತ್ತಿಗೆ ಹಾಕಿಸುತ್ತಿದ್ದುದು 28 ದಿನದ ಪ್ಯಾಕು. ಹಾಲಿನವನು, ಪೇಪರಿನವನು ಎಲ್ಲರಿಗೂ ತಿಂಗಳೆಂದರೆ ಮೂವತ್ತು ದಿನ, ಫೋನಿಗೆ ಮಾತ್ರ ಇಪ್ಪತ್ತೆಂಟು! ಹನ್ನೆರಡು ಸಲ ಹಾಕಿಸಿದರೆ 336 ದಿನ. ವರ್ಷ ತುಂಬಿಸಲು ಹದಿಮೂರನೆಯ ಸಲ ಹಾಕಿಸಬೇಕು. ತಾರೀಕು ಪ್ರತಿ ಸಲ ಹಿಂದೆ ಸರಿಯುತ್ತದೆ, ಹಾಗಾಗಿಯೇ ಮರೆಯುತ್ತದೆ. ಅದರ ಜೊತೆಗೆ ದಿನಕ್ಕೆ ಒಂದೂವರೆ ಜಿಬಿ ಡೇಟಾ ಬೇರೆ. ಡೇಟಾ ಬಾರದ ಊರಿನಲ್ಲಿ ಅದನ್ನು ಉಪ್ಪಿನಕಾಯಿ ಹಾಕುವುದೇ?

ನಾನು ವಿಚಾರಿಸಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

30 ದಿನದ ಒಂದು ಪ್ಯಾಕು, ಪ್ರತಿ ತಿಂಗಳೂ ಅದೇ ತಾರೀಕಿಗೆ ಬರುವ ಒಂದು ಪ್ಯಾಕು ಇಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರಲ್ಲೇ ಕಂಪನಿಗಳಿಗೆ ಆದೇಶಿಸಿದೆ. ಡೇಟಾ ಬೇಡ, ಬರೀ ಮಾತು ಮತ್ತು ಎಸ್ಸೆಮ್ಮೆಸ್ ಸಾಕು ಎನ್ನುವವರಿಗೂ ಪ್ಯಾಕ್ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅದರ ಅವಧಿ 365 ದಿನದವರೆಗೂ ಇರಬಹುದು. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ನಾವೇ ಬಾಯಿ ಬಿಟ್ಟು ಕೇಳಬೇಕು.

ಸಿಮ್ ಕೊಳ್ಳುವ ಮುನ್ನ ಆ ಊರಿನಲ್ಲಿ ಯಾವ ಕಂಪನಿಯದು ಸಿಗುತ್ತದೆ ಎಂದು ನೆರೆಹೊರೆಯವರನ್ನು ಕೇಳಿ. ಕಂಪನಿಯ ಜಾಲತಾಣದಲ್ಲಿ ಸಿಗ್ನಲ್ಲಿನ ನಕ್ಷೆಯೂ ಇರುತ್ತದೆ. ಒಂದು ಕಂಪನಿಯಲ್ಲಿ 90 ದಿನ ಕಳೆದ ಮೇಲೆ, ಅದೇ ನಂಬರ್ ಇಟ್ಟುಕೊಂಡು ಇನ್ನೊಂದಕ್ಕೆ ಹೋಗಬಹುದು.

ಮನೆಗೆ ಫೈಬರ್ ತಂತಿ ಬಂದಿದ್ದರೆ "ವೈಫೈ ಕಾಲಿಂಗ್" ಇರುವ ಫೋನಿನಿಂದ ಸಿಗ್ನಲ್ ಇಲ್ಲದೆಯೂ ಮಾತಾಡಬಹುದು. ಕರೆಂಟು ಹೋದರೆ ಅದೂ ಹೋಗುತ್ತದೆ. ಹಾಗಾಗಿ ಚಿಕ್ಕದೊಂದು ಬ್ಯಾಟರಿ ಇರಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತು. ಫೋನಿನಲ್ಲಿ "ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಎಂದು ಬಂದರೆ ಅದು ಸತ್ತ ಫೋನೆಂದು ಬದಿಗಿಡಬೇಡಿ. ನಿಮ್ಮ ಕಂಪನಿಯದಲ್ಲದ ಟವರಿನ ಸಿಗ್ನಲ್ ಅಲ್ಲಿ ಇದೆ ಎಂದು ಅದರ ಅರ್ಥ. 112 ಒತ್ತಿದರೆ ಕರೆ ಆ ಟವರಿನಿಂದಲೇ ಹೋಗುತ್ತದೆ.

ಹೊರಡುವ ಮುನ್ನ ಸಾಗರಕ್ಕೆ ಹೋಗಿ ಅತ್ತಿಗೆಯ ಫೋನಿಗೆ ವರ್ಷದ ಮಾತಿನ ಪ್ಯಾಕು ಹಾಕಿಸಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಅದು ಮುಗಿಯುವ ತಾರೀಕನ್ನೂ 112 ಎಂದೂ ದಪ್ಪಗೆ ಬರೆದೆ. ಫೈಬರಿನವರಿಗೆ ಅರ್ಜಿ ಕೊಟ್ಟದ್ದಾಗಿದೆ. ಕಂಬ ನೆಡಬೇಕಂತೆ, ನೋಡೋಣ.

ಅಮ್ಮನ ಜೊತೆ ಒಂದು ಕರಾರೂ ಆಯಿತು. ಭಾನುವಾರ ಸಂಜೆ ಐದಕ್ಕೆ ಮಾತ್ರ ಗುಡ್ಡ ಹತ್ತುವುದು, ಜೊತೆಗೆ ಅತ್ತಿಗೆ ಇರಬೇಕು, ಮಳೆ ಇದ್ದರೆ ಹತ್ತುವ ಹಾಗಿಲ್ಲ. "ಮಳೆ ಬಂದ್ರೆ ನೀನು ಸುಮ್ನಿರ್ತೀಯೇನೇ?" ಎಂದು ಕೇಳಿದರು. ಇರುತ್ತೇನೆ ಎಂದೆ.

ಈಗ ಆ ನಯದ ದನಿಯವಳು "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂದರೆ ನಾನು ಮುನಿಸಿಕೊಳ್ಳುವುದಿಲ್ಲ. ಅಮ್ಮ ಮನೆಯೊಳಗೆ ಬೆಚ್ಚಗೆ ಇದ್ದಾರೆ ಎಂದುಕೊಳ್ಳುತ್ತೇನೆ.