ಹತ್ತಿ ಮುಗಿದ ಮೇಲೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟ ಬಸ್ಸು ಮಸ್ಕಿಯಲ್ಲಿ ನಿಂತಾಗ ಚಹಾ ಕುಡಿಯಲೆಂದು ಇಳಿದೆವು. ಪಕ್ಕದಲ್ಲೇ ಹತ್ತಿ ಬಿಡಿಸಲು ಹೊರಟ ಹೆಂಗಸರಿದ್ದ ಒಂದು ಟಂಟಂ. ಅದರಲ್ಲಿ ಹನ್ನೆರಡರ ಆಸುಪಾಸಿನ ಹುಡುಗಿಯೊಬ್ಬಳು ಬುತ್ತಿಗಂಟು ಹಿಡಿದು ತಾಯಿಯೊಡನೆ ದಖನಿಯಲ್ಲಿ ಮಾತಾಡುತ್ತಿದ್ದಳು. ಶಾಲೆ ಬಿಟ್ಟೆಯಾ ಬೇಟಿ ಎಂದು ನಾವೂ ದಖನಿಯಲ್ಲೇ ಕೇಳಿದೆವು.

“ಬಿಟ್ಟಿಲ್ಲ ಚಾಚಾ. ಹತ್ತಿ ಮುಗಿದ ಮೇಲೆ ಹೋಗುತ್ತೇನೆ” ಎಂದಳು.

ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇದ್ದೇ ಇರುತ್ತದೆ. ಸರ್ಕಾರದ ಲೆಕ್ಕದಲ್ಲಿ ಅವಳು ಶಾಲೆಯಲ್ಲಿದ್ದಾಳೆ.

ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳನ್ನು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿಯೇ ‘ಅತ್ಯಂತ ಹಿಂದುಳಿದ’ ಪಟ್ಟಿಗೆ ಸೇರಿಸಿತ್ತು. ಮಸ್ಕಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ. ಮುಂದೆ 371(ಜೆ) ಬಂತು, ಅಭಿವೃದ್ಧಿ ಮಂಡಳಿ ಬಂತು. 2023-24ರ ರಾಜ್ಯ ಬಜೆಟ್ಟಿನಲ್ಲಿ ಆ ಮಂಡಳಿಗೆ 5,000 ಕೋಟಿ ರೂಪಾಯಿ. ರಸ್ತೆಗಳು, ಶಾಲಾ ಕೊಠಡಿಗಳು ಬೇಡವೆನ್ನಲಾರೆವು. ಸೋರುವ ಕೊಠಡಿಯಲ್ಲಿ ಕಲಿತವರು ನಾವು.

ಆದರೆ ಇದೇ ಕಾಲದಲ್ಲಿ ಮಗುವಿನ ಕೈಗೆ ಸೇರುತ್ತಿದ್ದ ಸಣ್ಣ ಹಣ ನಿಂತಿತು. ಬಾಲಕಾರ್ಮಿಕರಿಗೆ ವಿಶೇಷ ಶಾಲೆ, ತಿಂಗಳ ಭತ್ಯೆ ಕೊಡುತ್ತಿದ್ದ ರಾಷ್ಟ್ರೀಯ ಯೋಜನೆ 2021ರಲ್ಲಿ ಸಮಗ್ರ ಶಿಕ್ಷಣದೊಳಗೆ ವಿಲೀನವಾಯಿತು. ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರ ಸರ್ಕಾರ 2022ರಲ್ಲಿ ಒಂದರಿಂದ ಎಂಟನೆಯ ತರಗತಿವರೆಗೆ ನಿಲ್ಲಿಸಿತು. ಶಿಕ್ಷಣ ಹಕ್ಕು ಕಾಯ್ದೆಯಡಿ ಆ ಮಕ್ಕಳಿಗೆ ಶಿಕ್ಷಣ ಉಚಿತವೇ ಇದೆ ಎಂಬುದು ಕೊಟ್ಟ ಕಾರಣ. ಫೀ ಇಲ್ಲ, ನಿಜ. ಆ ಹುಡುಗಿಯ ದಿನಗೂಲಿ ತಪ್ಪಿದರೆ ಮನೆಯ ಒಲೆ ಏನಾಗಬೇಕು?

ಐದನೆಯ ತರಗತಿವರೆಗಿನ ಮಗುವಿಗೆ ಸಿಗುತ್ತಿದ್ದುದು ವರ್ಷಕ್ಕೆ 1,000 ರೂಪಾಯಿ. ಅದು ಹತ್ತಿಯ ಹೊಲವನ್ನು ಗೆಲ್ಲಲಾರದು, ಒಪ್ಪುತ್ತೇವೆ. ಆದರೆ ಅದರ ಅರ್ಜಿಗಾಗಿ ತಾಯಂದಿರು ಶಾಲೆಯ ಬಾಗಿಲಿಗೆ ಬರುತ್ತಿದ್ದರು. ಬಂದವರು ಮಗ ಹೇಗೆ ಓದುತ್ತಾನೆಂದು ಕೇಳಿಯೇ ಹೋಗುತ್ತಿದ್ದರು.

ನಮ್ಮದೇ ಕಥೆ ಹೇಳುವುದಾದರೆ, ಉರ್ದು ಶಾಲೆಯಲ್ಲಿ ಏಳನೆಯದು ಮುಗಿಸಿ ಕನ್ನಡ ಹೈಸ್ಕೂಲಿಗೆ ಸೇರಿದಾಗ ಪಾಠ ತಿಳಿಯದೆ ಮನೆ ಹಿಡಿದೆವು. ಅಬ್ಬಾ ಸೈಕಲ್ ರಿಪೇರಿ ಅಂಗಡಿಗೆ ಹಾಕಿದರು. ಕನ್ನಡ ಮಾಸ್ತರರು ಮೂರು ಸಂಜೆ ಆ ಅಂಗಡಿಗೆ ನಡೆದು ಬಂದರು. ನಾಲ್ಕನೆಯ ದಿನ ಅಬ್ಬಾ “ಹೋಗು” ಎಂದರು. ಕಟ್ಟಡಕ್ಕೆ ಹಣವಿಡುವಾಗ, ಹೀಗೆ ಮಗುವನ್ನು ಹುಡುಕಿಕೊಂಡು ಮನೆ, ಹೊಲ, ಅಂಗಡಿಗೆ ಹೋಗುವವರಿಗೂ ಒಂದು ಪಾಲು ಇಡಬೇಕೆಂಬುದಷ್ಟೇ ನಮ್ಮ ಬೇಡಿಕೆ.

ನಮ್ಮ ಜಮಾತಿನ ಲೆಕ್ಕವೂ ಬೇರೆಯಲ್ಲ. ಶಾದಿ ಮಹಲಿಗೆ ಚಂದಾ ಬೇಗ ಕೂಡುತ್ತದೆ. ಮೊಹಲ್ಲಾದಲ್ಲಿ ಶಾಲೆ ಬಿಟ್ಟ ಮಕ್ಕಳೆಷ್ಟು ಎಂದರೆ ಮುಖ ಮುಖ ನೋಡಿಕೊಳ್ಳುತ್ತೇವೆ. ಖಜಾನೆಯ ಹಣವಿರಲಿ, ಜಕಾತಿನ ಹಣವಿರಲಿ, ಎರಡೂ ಅಮಾನತ್ತು.

ಸಂಜೆ ಅದೇ ದಾರಿಯಲ್ಲಿ ಮರಳಿದೆವು. ಮಸ್ಕಿಯಲ್ಲಿ ಆ ಟಂಟಂ ಕಾಣಲಿಲ್ಲ. ಹುಡುಗಿಯ ಹೆಸರು, ಊರು ಎರಡನ್ನೂ ಕೇಳಿಕೊಂಡಿರಲಿಲ್ಲ ಎಂಬುದು ನಮಗೆ ಆಗ ಹೊಳೆಯಿತು.