ಕೂಸು ಬಿದ್ದಾಗ

ಎಳೆಯ ಮಗು ಎಡವಿ ಬಿದ್ದು ಅಳತೊಡಗಿದರೆ ಮನೆಯ ಹಿರಿಯರು ಓಡಿಬಂದು ಮೊದಲು ಮಾಡುವ ಕೆಲಸವೇನೆಂಬುದು ವಾಚಕರೆಲ್ಲರಿಗೂ ತಿಳಿದದ್ದೇ. ಮಗುವನ್ನೆತ್ತಿ ಸೊಂಟದ ಮೇಲೆ ಕುಳ್ಳಿರಿಸಿಕೊಂಡು, ಅಂಗೈಯಿಂದ ನೆಲಕ್ಕೆ ಎರಡು ಪೆಟ್ಟು ಕೊಟ್ಟು, "ಈ ನೆಲವೇ ಅಲ್ಲವೆ ನಮ್ಮ ಕಂದನನ್ನು ಬೀಳಿಸಿದ್ದು? ಹೊಡೆದೆ ನೋಡು!" ಎನ್ನುವರು. ಇಲ್ಲವೆ, "ಅಯ್ಯೋ, ಒಂದು ಇರುವೆ ಸತ್ತುಹೋಯಿತಲ್ಲ!" ಎಂದು ಬೆರಳು ಮಾಡಿ ತೋರಿಸುವರು. ಮಗು ಸತ್ತ ಇರುವೆಯನ್ನು ಹುಡುಕುತ್ತ ನೋವನ್ನು ಮರೆಯುತ್ತದೆ. ಈ ಉಪಾಯವನ್ನು ಕಂಡುಹಿಡಿದ ಅಜ್ಜಿ ಯಾರೋ, ಆಕೆಗೆ ನಮ್ಮ ನಮಸ್ಕಾರ. ಆದರೆ ನೆಲಕ್ಕೆ ಬೀಳುವ ಆ ಪೆಟ್ಟಿನಲ್ಲಿ ಮನುಷ್ಯಸ್ವಭಾವದ ಗುಟ್ಟೊಂದು ಅಡಗಿದೆ. ಬಿದ್ದುದಕ್ಕೆ ಯಾರಾದರೊಬ್ಬರು ತಪ್ಪಿತಸ್ಥರು ಬೇಕೇ ಬೇಕು. ನಡೆದಾಡುವ ಮಗು ಬಿದ್ದರೆ ನೆಲ ಸಾಕು. ಇನ್ನೂ ನಡೆಯಲರಿಯದ ಕೈಗೂಸು ಬಿದ್ದರೆ ನೆಲ ಸಾಲದು. ಆಗ ಮನೆಮಂದಿಯೆಲ್ಲ ತಾಯಿಯ ಮುಖವನ್ನು ನೋಡುತ್ತಾರೆ.

ಈ ವಿಷಯವನ್ನು ನಾವು ಈಗ ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ಕಳೆದ ಶ್ರಾವಣದಲ್ಲಿ ನಮ್ಮ ಮಗಳು ತನ್ನ ಐದೂವರೆ ತಿಂಗಳ ಕೂಸನ್ನೆತ್ತಿಕೊಂಡು ಮೈಸೂರಿನ ನಮ್ಮ ಮನೆಗೆ ಬಂದಿದ್ದಳು. ಒಂದು ಶನಿವಾರ ಕೂಸಿಗೆ ಎಣ್ಣೆನೀರಾಯಿತು, ಸಾಂಬ್ರಾಣಿಯ ಹೊಗೆಯಾಯಿತು. ಮಂಚದ ನಡುವೆ ಮಲಗಿಸಿ, ಎರಡು ಪಕ್ಕಕ್ಕೂ ದಿಂಬುಗಳನ್ನಿಟ್ಟು, ಅಂಗಿಯನ್ನು ತೆಗೆಯಲೆಂದು ಆಕೆ ಬೀರುವಿನ ಕಡೆಗೆ ತಿರುಗಿದಳು. ಬೀರು ಮಂಚದಿಂದ ಮೂರು ಹೆಜ್ಜೆಯ ದೂರದಲ್ಲಿದೆ. ಅಲ್ಲಿಯವರೆಗೆ ಇಟ್ಟಲ್ಲಿಯೇ ಇರುತ್ತಿದ್ದ ಕೂಸು ಅಂದು, ಆ ಗಳಿಗೆಯಲ್ಲಿ, ತನ್ನ ಜನ್ಮದಲ್ಲಿ ಮೊದಲ ಸಲ ಬೋರಲು ಬಿದ್ದಿತು. ದಿಂಬಿನ ಮೇಲೆ ಹೊರಳಿ, ದಿಂಬಿನೊಡನೆಯೇ ಕೆಳಗಿನ ಗಾರೆಯ ನೆಲಕ್ಕೆ ಬಂದಿತು.

ನಾವು ಹಜಾರದಲ್ಲಿ ವೃತ್ತಪತ್ರಿಕೆ ನೋಡುತ್ತಿದ್ದೆವು. ದೊಪ್ಪೆಂಬ ಸದ್ದಾಯಿತು, ಬೆನ್ನಿಗೇ ಕೂಸಿನ ಅಳು. ಆ ಎರಡರ ನಡುವೆ ಇದ್ದುದು ಒಂದು ಉಸಿರಿನಷ್ಟು ಹೊತ್ತು ಮಾತ್ರ. ಆದರೆ ಅಷ್ಟು ದೀರ್ಘವಾದ ಮೌನವನ್ನು ನಾವು ಬೇರೆ ಕೇಳಿದ್ದಿಲ್ಲ. ಅಡಿಗೆಮನೆಯಿಂದ ನಮ್ಮ ಮನೆಯಾಕೆ ಓಡಿಬಂದವರು ಕೇಳಿದ ಮೊದಲ ಮಾತು: "ಮಗೂನ ಬಿಟ್ಟು ಎಲ್ಲಿಗೆ ಹೋಗಿದ್ದೆಯೇ?"

"ಇಲ್ಲೇ ಇದ್ದೆನಮ್ಮ," ಎಂದಳು ಮಗಳು. ಕೂಸನ್ನು ಎದೆಗವಚಿಕೊಂಡು ಅದನ್ನೇ ನಾಲ್ಕಾರು ಸಲ ಹೇಳಿದಳು: "ಇಲ್ಲೇ ಇದ್ದೆ. ಇಲ್ಲೇ ಇದ್ದೆ."

ಹಾಲು ಕುಡಿದು ಕೂಸು ಹತ್ತು ನಿಮಿಷಗಳಲ್ಲಿ ಸುಮ್ಮನಾಯಿತು. ಹಣೆಯ ಮೇಲೆ ನೆಲ್ಲಿಕಾಯಿಯಷ್ಟು ಬುಗುಟೆ ಎದ್ದಿದ್ದಿತು. ತಣ್ಣೀರಿನ ಬಟ್ಟೆಯನ್ನು ಒತ್ತಿದ್ದಾಯಿತು. ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದೂ ಆಯಿತು. ಬಳಿಕ ಎಲ್ಲರೂ ಮಕ್ಕಳ ವೈದ್ಯರಲ್ಲಿಗೆ ಹೊರಟೆವು.

ವೈದ್ಯರು ಕೂಸಿನ ತಲೆಯನ್ನು ಬೆರಳ ತುದಿಗಳಿಂದ ಮೆಲ್ಲಗೆ ತಡವಿ ನೋಡಿದರು. ಕಣ್ಣಿಗೆ ಬೆಳಕು ಹಿಡಿದರು. ನೆತ್ತಿಯನ್ನು ಮುಟ್ಟಿ ನೋಡಿದರು. ಆಮೇಲೆ, "ಎಷ್ಟು ಎತ್ತರದಿಂದ ಬಿದ್ದಿತು?" ಎಂದು ಕೇಳಿದರು. "ನಾನು ಚಾಪೆಯ ಮೇಲೆ ಕೂತಿದ್ದೆ. ತೊಡೆಯಿಂದ ಜಾರಿತು," ಎಂದಳು ನಮ್ಮ ಮಗಳು. ನಾವು ಬೆರಗಾಗಿ ಬಾಯಿ ತೆರೆಯುವಷ್ಟರಲ್ಲಿ ವೈದ್ಯರೇ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ನೋಡಿ ತಾಯಿ, ನಿಮ್ಮನ್ನು ಬೈಯುವುದಕ್ಕೆ ಕೇಳುತ್ತಿಲ್ಲ. ಎತ್ತರ ತಿಳಿದರೆ ಮುಂದೆ ಮಾಡಬೇಕಾದ್ದು ತಿಳಿಯುತ್ತದೆ, ಅಷ್ಟೆ." ಆಗ ಆಕೆಗೆ ಅಳು ಬಂದಿತು; ಅಳುವಿನ ಹಿಂದೆ ನಿಜವೂ ಬಂದಿತು.

ಸುಳ್ಳೆಂಬುದು ನಮ್ಮ ಮಗಳ ಸ್ವಭಾವದಲ್ಲಿಲ್ಲ. ಮನೆಯಿಂದ ಆಸ್ಪತ್ರೆಗೆ ಹೋಗುವ ಕಾಲು ಗಂಟೆಯ ದಾರಿಯಲ್ಲಿ ಆಕೆ ಗಂಡನಿಗೆ, ಅತ್ತೆಗೆ, ನೆರೆಯವರಿಗೆ ಹೇಳಬೇಕಾದ ಉತ್ತರವನ್ನು ಸಿದ್ಧಮಾಡಿಕೊಂಡಿದ್ದಳು. ಅದೇ ಉತ್ತರ ವೈದ್ಯರ ಮುಂದೆಯೂ ನಾಲಗೆಗೆ ಬಂದಿತು. "ಎಲ್ಲಿಗೆ ಹೋಗಿದ್ದೆ?" ಎಂಬ ಪ್ರಶ್ನೆಗೆ ಹೆದರಿದ ಬಾಯಿ "ಎಷ್ಟು ಎತ್ತರ?" ಎಂಬ ಪ್ರಶ್ನೆಗೂ ಹೆದರುತ್ತದೆ.

ಎತ್ತರದ ಲೆಕ್ಕವೇನು ಅಂಥ ದೊಡ್ಡದೆಂದು ಕೆಲವರು ಕೇಳಬಹುದು. ತಲೆಗೆ ಪೆಟ್ಟಾದ 42,000ಕ್ಕೂ ಮಿಕ್ಕ ಮಕ್ಕಳನ್ನು ಉತ್ತರ ಅಮೆರಿಕದ 25 ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಪರೀಕ್ಷಿಸಿ, ಯಾವ ಮಗುವಿಗೆ ಸಿ.ಟಿ. ಸ್ಕ್ಯಾನ್ ಬೇಕು, ಯಾವುದಕ್ಕೆ ಬೇಡ ಎಂಬುದಕ್ಕೆ ವೈದ್ಯರು ಒಂದು ಕ್ರಮವನ್ನು 2009ರಲ್ಲಿ ಪ್ರಕಟಿಸಿದರು. ಎಳೆಯ ಮಿದುಳಿನ ಮೇಲೆ ಆ ಕಿರಣಗಳನ್ನು ಸುಮ್ಮಸುಮ್ಮನೆ ಹಾಯಿಸಬಾರದಾದ್ದರಿಂದ ಇಂಥದೊಂದು ಕ್ರಮ ಬೇಕಾಯಿತು. ಎರಡು ವರ್ಷಕ್ಕೆ ಕಡಿಮೆಯ ಮಕ್ಕಳಲ್ಲಿ ಅವರು ನೋಡುವುದು ಕೆಲವೇ ಸಂಗತಿಗಳನ್ನು: ಮಗುವಿಗೆ ಎಚ್ಚರ ಸರಿಯಾಗಿದೆಯೆ, ತಲೆಬುರುಡೆ ಬಿರಿದಂತೆ ಕೈಗೆ ತೋರುತ್ತದೆಯೆ, ಬುಗುಟೆ ಹಣೆಯನ್ನು ಬಿಟ್ಟು ತಲೆಯ ಹಿಂದೆ ಅಥವಾ ಪಕ್ಕದಲ್ಲಿ ಎದ್ದಿದೆಯೆ, ಐದು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಎಚ್ಚರ ತಪ್ಪಿತ್ತೆ, ಬಿದ್ದದ್ದು ಮೂರು ಅಡಿಗಿಂತ ಹೆಚ್ಚಿನ ಎತ್ತರದಿಂದಲೆ. ಕೊನೆಯದೊಂದನ್ನು ಓದಿದಾಗ ನಮಗೆ ಆಶ್ಚರ್ಯವಾಯಿತು. ಮಗು ಎಂದಿನಂತಿಲ್ಲವೆಂದು ತಾಯಿತಂದೆಗಳಿಗೆ ತೋರುತ್ತಿದೆಯೆ, ಎಂಬುದೂ ಅವುಗಳಲ್ಲೊಂದು. ಇಷ್ಟೆಲ್ಲ ಯಂತ್ರಗಳ ನಡುವೆ ತಾಯಿಯ ಕಣ್ಣನ್ನೂ ಒಂದು ಸಾಧನವಾಗಿ ಲೆಕ್ಕಕ್ಕೆ ಹಿಡಿದಿದ್ದಾರೆ! ಆ ಕಣ್ಣಿಗೆ ಅಪರಾಧಭಾವದ ಪೊರೆ ಮುಸುಕಿಸಿದರೆ ನಷ್ಟ ಕೂಸಿಗೆ. ಮತ್ತೊಂದು ಮಾತೂ ಉಂಟು. ಹೇಳಿದ ಕಥೆಗೂ ಆದ ಪೆಟ್ಟಿಗೂ ಹೊಂದಿಕೆಯಿಲ್ಲದಿದ್ದರೆ, ಯಾರಾದರೂ ಮಗುವನ್ನು ಹೊಡೆದರೋ ಎಂದು ವೈದ್ಯರು ಸಂಶಯಪಡಲೇಬೇಕಾಗುತ್ತದೆ. ಅದು ಅವರ ಧರ್ಮ. ನಾಚಿಕೆಯನ್ನು ಮುಚ್ಚಲು ಕಟ್ಟಿದ ಸುಳ್ಳು ಅದಕ್ಕಿಂತ ದೊಡ್ಡ ನಾಚಿಕೆಗೆ ದಾರಿಯಾದೀತು.

ನಮ್ಮ ಮಂಚವನ್ನು ಆಮೇಲೆ ಅಳೆದು ನೋಡಿದೆವು: ಹಾಸಿಗೆಯೂ ಸೇರಿ 2 ಅಡಿ. ಸ್ಕ್ಯಾನ್ ಬೇಕಾಗಲಿಲ್ಲ. ನಾಲ್ಕಾರು ಗಂಟೆ ಅಲ್ಲಿಯೇ ಕುಳ್ಳಿರಿಸಿಕೊಂಡು ನೋಡಿ ಕಳುಹಿಸಿದರು. ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಂಥ ಮಂಪರು ಕವಿದರೆ, ಸೆಳವು ಬಂದರೆ, ಮೂಗು ಕಿವಿಗಳಿಂದ ನೀರಾಗಲಿ ರಕ್ತವಾಗಲಿ ಇಳಿದರೆ, ನೆತ್ತಿ ಉಬ್ಬಿದರೆ, ಕೂಸು ಹಾಲು ಮುಟ್ಟದೆ ಎಷ್ಟು ಸಮಾಧಾನಪಡಿಸಿದರೂ ಅಳು ನಿಲ್ಲಿಸದಿದ್ದರೆ ಒಂದು ಗಳಿಗೆಯೂ ತಡಮಾಡದೆ ಕರೆತರಬೇಕೆಂದರು. ಬಿದ್ದ ಮಗುವನ್ನು ಮಲಗಗೊಡಬಾರದೆಂದು ನಮ್ಮ ಮನೆಯಾಕೆ ಕೇಳಿ ತಿಳಿದಿದ್ದರು. ನಿದ್ರೆಯ ಹೊತ್ತಿಗೆ ಮಲಗಲಿ, ನಡುನಡುವೆ ನೋಡಿದರೆ ಸಾಕೆಂದರು ವೈದ್ಯರು. ಮೂರು ತಿಂಗಳೂ ತುಂಬದ ಕೂಸಾದರೆ ತಾವು ಇನ್ನೂ ಹೆಚ್ಚು ಎಚ್ಚರ ವಹಿಸುವುದುಂಟೆಂದೂ ಹೇಳಿದರು. ವಾಹನವಿಲ್ಲದ ಮನೆಯವರಿಗೆ 108 ಎಂಬ ಸಂಖ್ಯೆ ನಮ್ಮ ರಾಜ್ಯದಲ್ಲಿ 2008ರಿಂದ ಇದೆಯೆಂಬುದನ್ನು ಇಲ್ಲಿಯೇ ಜ್ಞಾಪಿಸುತ್ತೇವೆ.

ಆ ರಾತ್ರಿ ಕೂಸು ಸುಖವಾಗಿ ನಿದ್ರಿಸಿತು. ತಾಯಿ ನಿದ್ರಿಸಲಿಲ್ಲ. ನಾವು ಎರಡು ಸಲ ಎದ್ದಾಗಲೂ ಆಕೆ ಗೋಡೆಗೊರಗಿ ಕುಳಿತು, ಕೂಸಿನ ಹೊಟ್ಟೆ ಏರಿಳಿಯುವುದನ್ನು ನೋಡುತ್ತಿದ್ದಳು. "ಅಂಗೀನ ಮೊದಲೇ ತೆಗೆದಿಟ್ಟುಕೊಂಡಿದ್ದಿದ್ದರೆ..." ಎಂದಳು. ಮತ್ತೆ, "ಇನ್ನೊಂದು ದಿಂಬು ಇಟ್ಟಿದ್ದಿದ್ದರೆ..." ನಮ್ಮ ಭಾಷೆಯಲ್ಲಿ ಈ 'ದ್ದಿದ್ದರೆ' ಎಂಬುದರಷ್ಟು ನಿಷ್ಕರುಣವಾದ ರೂಪ ಇನ್ನೊಂದಿಲ್ಲ. ಬೆಳಗಾದ ಮೇಲೆ ಕೂಸನ್ನು ಎತ್ತಿಕೊಳ್ಳುವಾಗ ಆಕೆಯ ಕೈ ನಡುಗುತ್ತಿದ್ದಿತು. ನೀರೆರೆಯುವುದನ್ನು ತಾಯಿಗೆ ಒಪ್ಪಿಸಿದಳು. ಮೆಟ್ಟಿಲಿಳಿಯುವಾಗ ಕೂಸನ್ನು ನಮ್ಮ ಕೈಗಿತ್ತಳು. ನಾಲ್ಕು ದಿನ ಹೀಗೆಯೇ ಕಳೆಯಿತು. ಕೂಸಿನ ಬುಗುಟೆ ಇಳಿಯುತ್ತಿದ್ದಿತು. ತಾಯಿಯ ಕೈ ಸೋಲುತ್ತಿದ್ದಿತು. ನಮಗೆ ನಿಜವಾದ ಭಯ ಹುಟ್ಟಿದ್ದು ಆಗ. ತಲೆಗಾದ ಪೆಟ್ಟನ್ನು ನೋಡುವುದಕ್ಕೆ ವೈದ್ಯರಿದ್ದರು. ತನ್ನ ಕೂಸನ್ನೆತ್ತಲು ತನ್ನ ಕೈಗೇ ಯೋಗ್ಯತೆಯಿಲ್ಲವೆಂದು ತಾಯೊಬ್ಬಳು ನಂಬತೊಡಗಿದರೆ ಅದನ್ನು ನೋಡುವವರಾರು?

ಆಕೆಗೆ ನಾವು ಹೇಳಿದ್ದು ಇಷ್ಟು. ಐದೂವರೆ ತಿಂಗಳು ಅದೇ ಮಂಚ, ಅದೇ ದಿಂಬು, ಅದೇ ಬೀರು. ನೂರು ಸಲ ತಿರುಗಿದಳು. ನೂರು ಸಲವೂ ಏನೂ ಆಗಲಿಲ್ಲ. ಆ ನೂರನ್ನು ಯಾರೂ ಪುಣ್ಯವೆಂದು ಬರೆದಿಡಲಿಲ್ಲ. ನೂರೊಂದನೆಯದನ್ನು ಮಾತ್ರ ಪಾಪವೆಂದು ಬರೆಯುವುದು ಯಾವ ನ್ಯಾಯ? ಅಂದು ಬದಲಾದದ್ದು ತಾಯಿಯ ಎಚ್ಚರವಲ್ಲ, ಕೂಸು. ಬೋರಲು ಬೀಳುವ ಕಲೆಯನ್ನು ಮಕ್ಕಳು ಮುಂಚಿತವಾಗಿ ತಿಳಿಸಿ ಆರಂಭಿಸುವುದಿಲ್ಲ. ಹಾಗೆಂದು ಮಂಚವನ್ನು ಇದ್ದಲ್ಲಿಯೇ ಬಿಡತಕ್ಕದ್ದೆಂದು ನಾವು ಹೇಳುವುದಿಲ್ಲ. ದಿಂಬು ಗೋಡೆಯಲ್ಲ, ಕಾಲು ಝಾಡಿಸುವ ಕೂಸಿಗೆ ಅದೊಂದು ಮೆಟ್ಟಿಲು. ಅಂದಿನಿಂದ ನಮ್ಮ ಮನೆಯಲ್ಲಿ ಹಾಸಿಗೆ ನೆಲಕ್ಕಿಳಿದಿದೆ. ನಮ್ಮ ಅಜ್ಜಿಯಂದಿರು ಚಾಪೆ ಹಾಸಿ ಮಲಗಿಸುತ್ತಿದ್ದಾಗ ಅದನ್ನು ಬಡತನವೆಂದು ತಿಳಿದಿದ್ದೆವು.

ಪಾತಾಳದ ಅಂಚೆಂದರೇನೆಂದು ಮಕ್ಕಳಿಗೆ ಎಂದಿನಿಂದ ತಿಳಿಯುತ್ತದೆಂಬುದನ್ನೂ ಪಂಡಿತರು ಪರೀಕ್ಷಿಸಿದ್ದಾರೆ. ಅಮೆರಿಕದ ಎಲಿನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಎಂಬಿಬ್ಬರು ಗಟ್ಟಿಗಾಜಿನ ಹಾಸೊಂದನ್ನು ಮಾಡಿಸಿ, ಅದರ ಒಂದು ಪಕ್ಕ ಕೆಳಗೆ ಹಳ್ಳವಿರುವಂತೆ ಕಾಣುವ ಏರ್ಪಾಡು ಮಾಡಿ, ಆರರಿಂದ ಹದಿನಾಲ್ಕು ತಿಂಗಳವರೆಗಿನ 36 ಮಕ್ಕಳನ್ನು ಅದರ ಮೇಲೆ ಬಿಟ್ಟರು. ತಾಯಂದಿರು ಆಚೆಯಿಂದ ಕರೆದರು. 1960ರಲ್ಲಿ ಅವರು ಪ್ರಕಟಿಸಿದಂತೆ, ಇದ್ದಲ್ಲಿಂದ ಕದಲಿದ 27 ಮಕ್ಕಳಲ್ಲಿ ಮೂವರು ಮಾತ್ರ ಹಳ್ಳದ ಮೇಲೆ ಹಾದು ಬಂದರು. ಅಂಬೆಗಾಲಿಡುವ ಮಗುವಿಗೆ ಆಳದ ಅರಿವು ತಕ್ಕಮಟ್ಟಿಗೆ ಉಂಟೆಂದಾಯಿತು. ಆದರೂ ಹಿಂದೆ ಸರಿಯುತ್ತ ಗೊತ್ತಿಲ್ಲದೆ ಹಳ್ಳದ ಕಡೆಗೇ ಹೋದ ಮಕ್ಕಳಿದ್ದರೆಂದೂ, ಅಂಚಿನ ಬಳಿ ಮಗುವನ್ನು ಬಿಡಬಾರದೆಂದೂ ಅವರೇ ಎಚ್ಚರಿಸಿದರು. ಇನ್ನು ಕ್ಯಾರನ್ ಅಡಾಲ್ಫ್ ಎಂಬ ವಿದುಷಿಯೂ ಅವರ ಸಂಗಡಿಗರೂ ಹೊಸದಾಗಿ ನಡೆಯುವ ಮಕ್ಕಳನ್ನು ನೋಡುತ್ತ ಕುಳಿತು, ಅವು ಒಂದು ಗಂಟೆಯಲ್ಲಿ ಸರಾಸರಿ 2,368 ಹೆಜ್ಜೆ ಇಟ್ಟು 17 ಸಲ ಬೀಳುತ್ತವೆಂದು 2012ರಲ್ಲಿ ತಿಳಿಸಿದರು. ಇದನ್ನು ಓದಿ ಹೇಳಿದಾಗ ನಮ್ಮ ಮನೆಯಾಕೆ, "ಎಣಿಸುತ್ತ ಕೂತಿದ್ದರಂತೆಯೆ? ಎತ್ತಿಕೊಳ್ಳಬಾರದಾಗಿತ್ತೆ?" ಎಂದರು. ಮಗಳು ನಕ್ಕಳು. ಬಿದ್ದ ದಿನದಿಂದ ಆಕೆ ನಕ್ಕಿದ್ದು ಅದೇ ಮೊದಲು.

ತಂದೆಯ ವಿಷಯವನ್ನು ಹೇಳಲಿಲ್ಲವೆಂದು ವಾಚಕರು ಆಕ್ಷೇಪಿಸಬಹುದು. ನಮ್ಮ ಅಳಿಯಂದಿರು ಬೆಂಗಳೂರಿನಲ್ಲಿದ್ದರು. ಸುದ್ದಿ ಕೇಳಿ ಅಂದು ಸಂಜೆಯೇ ಹೊರಟು ಬಂದರು. ಒಂದು ಕಟುವಾದ ಮಾತನ್ನೂ ಆಡಲಿಲ್ಲ. ಆದರೆ ನಮ್ಮ ಮನೆಗಳ ಲೆಕ್ಕ ವಿಚಿತ್ರವಾದದ್ದು. ತಂದೆಯ ಕೈಯಿಂದ ಕೂಸು ಜಾರಿದರೆ "ಪಾಪ, ಗಂಡಸಿಗೇನು ಗೊತ್ತಾಗುತ್ತೆ" ಎಂದು ಕ್ಷಮೆ ದೊರೆಯುತ್ತದೆ. ತಾಯಿಯ ಕಣ್ಣ ಮುಂದೆ ಉರುಳಿದರೆ ವಿಚಾರಣೆ ಆರಂಭವಾಗುತ್ತದೆ.

ವಿಚಾರಣೆಗೆಂದೇ ಬರುವರೆಂದು ನಾವೆಲ್ಲ ಅಂಜಿದ್ದ ನಮ್ಮ ಬೀಗಿತ್ತಿಯವರು ಮರುವಾರ ಯಜಮಾನರೊಡನೆ ಬಂದರು. ಕೂಸಿನ ಹಣೆಯ ನೀಲಿ ಅಷ್ಟು ಹೊತ್ತಿಗೆ ಹಳದಿಯಾಗಿದ್ದಿತು. ಮಗಳು ಈ ಸಲ ತೊಡೆಯ ಕಥೆ ಹೇಳಲಿಲ್ಲ. ಮಂಚ, ಬೀರು, ಅಂಗಿ, ಎಲ್ಲವನ್ನೂ ಇದ್ದಂತೆಯೇ ಹೇಳಿದಳು. ಆಕೆ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಕೂಸನ್ನು ತಮ್ಮ ತೊಡೆಯಿಂದೆತ್ತಿ ನಮ್ಮ ಮಗಳ ತೊಡೆಯ ಮೇಲೆ ಮಲಗಿಸಿ, ತಗ್ಗಿದ ದನಿಯಲ್ಲಿ ಹೇಳಿದರು: "ಇವರಪ್ಪನ ಹುಬ್ಬಿನ ಮೇಲೆ ಕಲೆ ಇದೆ ನೋಡು. ಎಂಟು ತಿಂಗಳಲ್ಲಿ ಹಳ್ಳಿಯ ಮನೆಯ ಜಗಲಿಯಿಂದ ಬಿದ್ದ. ನಾನು ಮೊರದಲ್ಲಿ ಅಕ್ಕಿ ಕೇರುತ್ತಾ ಪಕ್ಕದಲ್ಲೇ ಇದ್ದೆ. ನಮ್ಮತ್ತೆಯವರಿಗೆ ಹೆದರಿ ಕರು ಗುದ್ದಿತು ಅಂದೆ."

ಕರು ಗುದ್ದಿದ ಆ ಕಥೆಯನ್ನು ನಾವೂ ಮದುವೆಯ ಮನೆಯಲ್ಲಿ ಕೇಳಿದ್ದೆವು. ಅದಕ್ಕೆ 33 ವರ್ಷಗಳ ವಯಸ್ಸು. ಹಜಾರದಲ್ಲಿ ಕಾಫಿಯ ಲೋಟ ಹಿಡಿದು ಕುಳಿತಿದ್ದ ಬೀಗರು ಲೋಟವನ್ನು ಕೆಳಗಿಟ್ಟರು.

"ಕರು ಅಲ್ಲವೆ?" ಎಂದರು. "ಆ ವಾರವೇ ಅದನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಂದೆನಲ್ಲೇ!"